ಅಡುಗೆಮನೆಯ ಒಂದು ಸ್ವಿಚ್ಚು

ಹಳೆಯ ಮನೆಗೆ ಸ್ಮಾರ್ಟ್ ಸ್ವಿಚ್ಚು ಹಾಕಿಸಬೇಕೆನ್ನುವವರು ಈಗಲೂ ನನ್ನ ಹತ್ತಿರ ಬಂದು ವಿಚಾರಿಸುತ್ತಾರೆ. ಸುಂಟಿಕೊಪ್ಪದಲ್ಲಿ ಮೊದಲು ಹಾಕಿಸಿದವರಲ್ಲಿ ನಾನೂ ಒಬ್ಬ. ಮೇಲಾಗಿ ಕೇಳಿದರೂ ಕೇಳದಿದ್ದರೂ ಬುದ್ಧಿ ಹೇಳುವುದು ನನ್ನ ಜಾಯಮಾನ. ಅಂಗಡಿಗೆ ಹೋಗುವ ಮೊದಲು ಗೋಡೆಯ ಒಂದು ಬೋರ್ಡು ಬಿಚ್ಚಿಸಿ ನೋಡಿ ಎನ್ನುತ್ತೇನೆ. ಹಳೆಯ ವೈರಿಂಗಿನಲ್ಲಿ ಕರೆಂಟು ಸ್ವಿಚ್ಚಿಗೆ ಬಂದು, ದಾಟಿ, ಬಲ್ಬಿಗೆ ಹೋಗುತ್ತದೆ ಅಷ್ಟೆ. ವಾಪಸು ಹೋಗುವ ತಂತಿ, ಅಂದರೆ ನ್ಯೂಟ್ರಲ್, ಬಲ್ಬಿನ ಹತ್ತಿರವೇ ಇರುತ್ತದೆ, ಬೋರ್ಡಿನ ತನಕ ಇಳಿದಿರುವುದಿಲ್ಲ. ಸ್ಮಾರ್ಟ್ ಸ್ವಿಚ್ಚಿಗಾದರೋ ತಾನು ಎಚ್ಚರವಾಗಿರುವುದಕ್ಕೇ ಆ ತಂತಿ ಬೇಕು. ಅದನ್ನು ಮನೆಯೆಲ್ಲ ಎಳೆಸುವ ಕೆಲಸ ಸ್ವಿಚ್ಚು ಹಾಕಿಸುವ ಕೆಲಸಕ್ಕಿಂತ ದೊಡ್ಡದು. ಇಷ್ಟು ಹೇಳಿ, ಕಾಫಿ ಕುಡಿಸಿ ಕಳಿಸುತ್ತೇನೆ. ಆ ಸ್ವಿಚ್ಚುಗಳಿಂದ ನನ್ನ ಅಕ್ಕನಿಗೆ ಏನಾಯಿತೆಂಬುದನ್ನು ಮಾತ್ರ ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಕುಟುಂಬ. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅವಳು ಮದುವೆಯಾಗಿ ಹೋಗುವಾಗ ಗಂಡನ ಮನೆಯವರಿಗೆ ಹಾಕಿದ ಷರತ್ತು ಒಂದೇ: ತಮ್ಮನೂ ಬರುತ್ತಾನೆ. ಹಾಗೆ ಅವಳ ಸೆರಗು ಹಿಡಿದು ಹೋದವನು, ಅವಳ ಕೈಯನ್ನವನ್ನೇ ತಿಂದು ಬೆಳೆದೆ. ಸೈಕಲ್ಲಿನಲ್ಲಿ ಹಸಿ ಶುಂಠಿ ಹೇರಿಕೊಂಡು ಮಾರಿದ್ದರಿಂದ ಶುರುಮಾಡಿ ಮೆಣಸು, ಕಾಫಿ ವ್ಯಾಪಾರಕ್ಕೆ ಬಂದೆ. ಕೈ ಹಿಡಿದು ಎತ್ತಿದವರು ಯಾರೂ ಇಲ್ಲ. ಒಂದು ಹಿಡಿ ಮೆಣಸನ್ನು ಅಂಗೈಯಲ್ಲಿ ಉಜ್ಜಿದರೆ ಎಷ್ಟು ಹಸಿ ಇದೆ ಎಂದು ಹೇಳಬಲ್ಲೆ. ಮಾರುವವನ ಮುಖ ನೋಡಿದರೆ ಅವನಿಗೆ ಇವತ್ತೇ ದುಡ್ಡು ಬೇಕೋ, ನಾಳೆಯಾದರೂ ನಡೆದೀತೋ ಎಂದು ಹೇಳಬಲ್ಲೆ. ಸುಂಟಿಕೊಪ್ಪದ ಈಗಿನ ಮನೆಯನ್ನು ಕೊಂಡದ್ದೂ ಹಾಗೆಯೇ. ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರೊಬ್ಬರು ಕಟ್ಟಿಸಿದ ಹಳೆಯ ಹೆಂಚಿನ ಮನೆ. ಹಿಂಗೋಡೆಯ ಬಿರುಕನ್ನು ಅವರ ಮಕ್ಕಳಿಗೆ ತೋರಿಸಿ ತೋರಿಸಿ ಬೆಲೆ ಇಳಿಸಿದೆ. ಬಿರುಕು ಬಿಟ್ಟಿರುವುದು ಗಾರೆ ಮಾತ್ರ, ಗೋಡೆಯಲ್ಲ ಎಂದು ನನಗೆ ಗೊತ್ತಿತ್ತು.

ಮನೆ ಕೊಂಡ ವರ್ಷವೇ ಭಾವ ತೀರಿಕೊಂಡರು. ಅಕ್ಕನಿಗೆ ಮಕ್ಕಳಿರಲಿಲ್ಲ. ಈ ಸಲ ನಾನು ಅವಳನ್ನು ಕರೆದುಕೊಂಡು ಬಂದೆ. ನನ್ನ ಹೆಂಡತಿ ಬೆಳಗಿನ ಬಸ್ಸಿಗೆ ಮಡಿಕೇರಿಗೆ ಹೋಗಿ ಕಚೇರಿ ಕೆಲಸ ಮಾಡಿ ಸಂಜೆ ಬರುವವಳು. ಹಾಗಾಗಿ ಅಡುಗೆಮನೆ ಪೂರ್ತಿ ಅಕ್ಕನದಾಯಿತು. ಎಲ್ಲರಿಗಿಂತ ಮೊದಲು ಎದ್ದು ಅಡುಗೆಮನೆಯ ದೀಪ ಹಾಕುವವಳು ಅವಳು. ಸಂಜೆ ದೇವರ ಮುಂದೆ ದೀಪ ಹಚ್ಚಿ, ಜಗಲಿಯ ಲೈಟು ಹಾಕಿ, ಆ ಬಲ್ಬಿಗೂ ಕೈಮುಗಿಯುವವಳೂ ಅವಳೇ. ನಮ್ಮ ಕಡೆ ಮುಸ್ಸಂಜೆಯಲ್ಲಿ ಲೈಟು ಹಾಕಿದವರು ಹಾಗೆ ಮಾಡುತ್ತಾರೆ. ಬಲ್ಬಾದರೇನು, ದೀಪ ದೀಪವೇ. ಹದಿನೈದು ವರ್ಷ ಆ ಕೆಲಸಕ್ಕೆ ಬೇರೆ ಯಾರೂ ಕೈ ಹಾಕಿರಲಿಲ್ಲ.

ಎಲ್ಲ ಶುರುವಾದದ್ದು ನಡುಮನೆಯಿಂದ ಬಚ್ಚಲಿಗೆ ಹೋಗುವ ಪ್ಯಾಸೇಜಿನ ಲೈಟಿನಿಂದ. ಅದಕ್ಕೆ ಎರಡು ತುದಿಗೂ ಒಂದೊಂದು ಸ್ವಿಚ್ಚು. ಈ ತುದಿಯಲ್ಲಿ ಹಾಕಿ, ಆ ತುದಿಯಲ್ಲಿ ಆರಿಸಬಹುದು. ಅದು ಹಗಲೆಲ್ಲ ಉರಿಯತೊಡಗಿತು. ನಾನು ಮಧ್ಯಾಹ್ನ ಊಟಕ್ಕೆ ಬಂದಾಗಲೆಲ್ಲ ಉರಿಯುತ್ತಿರುತ್ತಿತ್ತು.

"ಅಕ್ಕಾ, ಸೂರ್ಯನಿಗೇ ದೀಪ ಹಿಡೀತಿದ್ದೀಯಲ್ಲ."

"ಮರ್ತೋಯ್ತು ಕಣೋ. ವಯಸ್ಸಾಗ್ಲಿಲ್ವಾ?"

"ಬೇರೆ ಲೈಟೆಲ್ಲಾ ಸರಿಯಾಗಿ ಆರಿಸ್ತೀಯ. ಇದೊಂದೇ ಹೆಂಗ್ ಮರ್ತೋಗತ್ತೆ?"

"ಅದೊಂದಕ್ಕೆ ನನ್ ಮೇಲೆ ಹಗೆ ಇರ್ಬೇಕು," ಎಂದು ನಕ್ಕು ಮಜ್ಜಿಗೆ ಬಡಿಸಿದಳು.

ಬೇರೆಯವರ ಮನೆಯಲ್ಲಿ ಈ ಮಾತು ಕೇಳಿದ್ದರೆ ನಾನು ಅಲ್ಲಿಯೇ ನಿಲ್ಲುತ್ತಿದ್ದೆ. ಒಂದು ಮೂಟೆ ಮಾತ್ರ ಯಾಕೆ ಬೇರೆ ಥರ ಎಂದು ಕೇಳಿ ಕೇಳಿಯೇ ನಾನು ಮನುಷ್ಯನಾದವನು. ನನ್ನ ಮನೆಯಲ್ಲಿ ನಿಲ್ಲಲಿಲ್ಲ. ಫೋನಿನಲ್ಲೇ ಹಾಕಿ ಆರಿಸುವ ಸ್ವಿಚ್ಚು ಬಂದಿದೆಯಂತಲ್ಲ, ಅದನ್ನು ತಂದರೆ ಅಂಗಡಿಯಲ್ಲಿ ಕೂತೇ ಈ ಲೈಟು ಆರಿಸಬಹುದು ಎಂದುಕೊಂಡೆ.

ಮೈಸೂರಿಗೆ ಹೋದೆ. ಅಂಗಡಿಯವನು ಕರಿ ಗಾಜಿನ ಹಲಗೆಯೊಂದನ್ನು ಮೇಜಿನ ಮೇಲಿಟ್ಟ. ಆಡಿಸುವ ಗುಬುಟಿಲ್ಲ, ಸಂದಿಲ್ಲ, ನೀರಿನ ಹಾಗೆ ನುಣುಪು. ನಾಲ್ಕು ಸ್ವಿಚ್ಚು ಇರುವ ಕಡೆ ನಾಲ್ಕು ಸಣ್ಣ ನೀಲಿ ಚುಕ್ಕೆ. "ಕತ್ತಲಲ್ಲೂ ಕಾಣ್ತದೆ ಸರ್, ದೊಡ್ಡವರಿಗೆ ಅನುಕೂಲ," ಎಂದ. ನಾನು ಹೋದದ್ದು ಒಂದಕ್ಕೆ. ಒಂದರ ಬೆಲೆ ಕೇಳಿ ಎದ್ದು ಹೊರಟೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಹತ್ತರ ಸೆಟ್ಟಿಗೆ ಅರ್ಧಕ್ಕರ್ಧ ಇಳಿಸಿ ಕೂಗಿದ. ಒಂದು ಬೇಕಾದವನಿಗೆ ಹತ್ತು ಮಾರುವ ವಿದ್ಯೆ ನನಗೂ ಬರುತ್ತದೆ. ಅಂದು ಅದು ನನ್ನ ಮೇಲೆಯೇ ನಡೆಯಿತು. ನಾನು ಗೆದ್ದೆ ಎಂದುಕೊಂಡು ಹತ್ತನ್ನೂ ಕಾರಿಗೆ ಹಾಕಿಕೊಂಡು ಬಂದೆ.

ವೈರಿಂಗಿನವನು ಸುಂಟಿಕೊಪ್ಪದವನೇ. ಮನೆಮಾತು ಮಲಯಾಳ, ನಮ್ಮ ಜೊತೆ ಕನ್ನಡ. ಈ ಮನೆಯ ಫ್ಯೂಸು ಹೋದಾಗಲೆಲ್ಲ ಬರುವವನು. ಮೊದಲನೆಯ ಬೋರ್ಡು ಬಿಚ್ಚಿದವನೇ ತಲೆ ಆಡಿಸಿದ.

"ಅಣ್ಣಾ, ಇದ್ರಲ್ಲಿ ನ್ಯೂಟ್ರಲ್ಲೇ ಇಲ್ಲ. ಹತ್ತು ಬೋರ್ಡಿಗೂ ಮೇಲಿಂದ ಹೊಸದಾಗಿ ಎಳೀಬೇಕು. ನನ್ ಮಾತ್ ಕೇಳಿ, ಪ್ಯಾಸೇಜಿಗೆ ಮಾತ್ರ ಹಾಕಿ. ಅದೊಂದೇ ಅಲ್ವಾ ನಿಮಗೆ ತಲೆನೋವು?"

"ತಂದಿರೋದು ಹತ್ತು. ಒಂಬತ್ತನ್ನ ಉಪ್ಪಿನಕಾಯಿ ಹಾಕ್ಲಾ?"

"ಪ್ಯಾಸೇಜಿಂದು ಹಗಲೂ ಉರಿಯೋದರಲ್ಲಿ ತಪ್ಪೇನಿಲ್ಲ ಅಣ್ಣಾ," ಎಂದ ಅವನು, ಗೋಡೆಯ ಕರಿ ಸ್ವಿಚ್ಚಿನ ಗುಬುಟನ್ನು ಟಕ್ ಟಕ್ ಎಂದು ಆಡಿಸುತ್ತಾ. "ಬೇರೆದೆಲ್ಲ ಗುಬುಟು ಕೆಳಗಿದ್ರೆ ಹತ್ತಿದೆ, ಮೇಲಿದ್ರೆ ಆರಿದೆ. ಮುಟ್ಟಿದ್ರೇ ಗೊತ್ತಾಗ್ತದೆ. ಇದು ಎರಡು ಕಡೆದಲ್ವಾ, ಗುಬುಟು ನೋಡಿ ಹೇಳಕ್ಕಾಗಲ್ಲ. ಬಲ್ಬೇ ನೋಡ್ಬೇಕು."

"ಬಲ್ಬ್ ನೋಡಕ್ಕೇನಪ್ಪಾ ಕಷ್ಟ?"

"ಕಷ್ಟ ಏನಿಲ್ಲ," ಎಂದು ಅವನು ಏಣಿ ಹತ್ತಿದ.

ಕಷ್ಟ ಏನೆಂದು ತಿಳಿದಿದ್ದವಳು ಅಲ್ಲೇ ನಡುಮನೆಯಲ್ಲಿ ಮೊರ ಹಿಡಿದು ಕೂತಿದ್ದಳು. ಅಕ್ಕಿಯ ಕಲ್ಲನ್ನು ಬೆರಳಿನಲ್ಲಿ ಹುಡುಕುತ್ತಿದ್ದಳು. ತಲೆ ಎತ್ತಲಿಲ್ಲ.

ಮೂರು ದಿನ ಕೆಲಸ ನಡೆಯಿತು. ಕೊನೆಗೆ ಉಳಿದದ್ದು ಅಡುಗೆಮನೆ. ಅವನು ಅಲ್ಲಿಯ ಬೋರ್ಡಿಗೆ ಸ್ಕ್ರೂಡ್ರೈವರ್ ಇಟ್ಟಾಗ ಅಕ್ಕ ಬಾಗಿಲಿಗೆ ಬಂದು ನಿಂತಳು.

"ಲೋ, ಇದೊಂದ್ ಇರ್ಲಿ ಬಿಡೋ."

"ಯಾಕಕ್ಕಾ?"

"ಇರ್ಲಿ. ಕೈಗೆ ಅಭ್ಯಾಸ ಆಗಿದೆ."

"ಹೊಸದೂ ಆಗತ್ತೆ. ಎರಡೇ ದಿನ."

"ಹಂಗಾರೆ ಒಂದ್ ಕೆಲಸ ಮಾಡು. ಮಿಕ್ಸೀದು, ಫ್ಯಾನಿಂದು ಏನ್ ಬೇಕಾದ್ರೂ ಮಾಡ್ಕೋ. ಲೈಟಿಂದ್ ಒಂದ್ ಸ್ವಿಚ್ ಹಳೇದೇ ಇರ್ಲಿ. ಒಂದೇ ಒಂದು."

ಅಕ್ಕ ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿಗೂ ಚೌಕಾಶಿ ಮಾಡಿದವಳಲ್ಲ. ಹೇಳಿದ ಬೆಲೆ ಕೊಟ್ಟು ಬರುತ್ತಾಳೆಂದು ನಾನು ಎಷ್ಟು ಸಲ ಬೈದಿದ್ದೇನೋ. ನನ್ನ ಹತ್ತಿರ ಅವಳು ಚೌಕಾಶಿ ಮಾಡಿದ್ದು ಅದೇ ಮೊದಲು. ಬೋರ್ಡಿನಿಂದ ಶುರುಮಾಡಿ ಒಂದು ಸ್ವಿಚ್ಚಿನ ತನಕ ಇಳಿದಿದ್ದಳು. ಕಾರಣ ಹೇಳದೆ ಹಾಗೆ ಇಳಿದು ಇಳಿದು ಬರುವವರು ಯಾವುದನ್ನೋ ಮುಚ್ಚಿಟ್ಟುಕೊಂಡಿರುತ್ತಾರೆ. ನನ್ನ ಕಸುಬಿನ ಮೊದಲ ಪಾಠವೇ ಅದು. ಆದರೆ ಹತ್ತನೆಯ ಹಲಗೆ ನನ್ನ ಕೈಯಲ್ಲಿತ್ತು, ಅದು ದಂಡವಾಗುತ್ತದಲ್ಲ ಎಂಬುದೊಂದೇ ತಲೆಯಲ್ಲಿತ್ತು.

"ಗಾಜಿನ ಪಕ್ಕ ಆ ಕರಿ ಗುಬುಟು ಇಟ್ರೆ ರೇಷ್ಮೆ ಸೀರೆಗೆ ಗೋಣಿ ತೇಪೆ ಹಾಕ್ದಂಗೆ ಇರತ್ತೆ ಅಕ್ಕಾ," ಎಂದೆ.

ವೈರಿಂಗಿನವನು ನಕ್ಕ. ಅಕ್ಕನೂ ನಕ್ಕು, "ಆಯ್ತಪ್ಪ, ನಿನ್ ರೇಷ್ಮೆ ಸೀರೆ ನೀನೇ ಉಟ್ಕೋ," ಎಂದು ಒಳಗೆ ಹೋದಳು.

ತೆಗೆದ ಹಳೆಯ ಸ್ವಿಚ್ಚುಗಳನ್ನೂ ನಾನು ಬಿಸಾಡಲಿಲ್ಲ. ರೆಸಾರ್ಟುಗಳಿಗೆ ಹಳೆಯ ಸಾಮಾನು ಒದಗಿಸುವವನೊಬ್ಬ ಗೋಣಿಕೊಪ್ಪಲಿನಲ್ಲಿದ್ದಾನೆ. ಅವನಿಗೆ ಒಳ್ಳೆಯ ಬೆಲೆಗೆ ದಾಟಿಸಿದೆ. ಆ ವಾರ ಕಂಡಕಂಡವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ.

ಆಮೇಲಿನ ದಿನಗಳನ್ನು ಈಗ ನೆನೆದರೆ ಎಲ್ಲವೂ ಕಣ್ಣೆದುರೇ ನಡೆದಿದೆ. ಬೆಳಗ್ಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ತಡವಾಗಿ ಕೇಳತೊಡಗಿತು. ಅಕ್ಕ ಲೈಟು ಹಾಕಲು ಹೋದರೆ ಫ್ಯಾನು ತಿರುಗುತ್ತಿತ್ತು. ಒಂದು ಹಾಕಲು ಹೋಗಿ ಗಾಜಿನ ಮೇಲೆ ಪೂರ್ತಿ ಅಂಗೈ ಇಟ್ಟು ನಾಲ್ಕೂ ಹಾಕಿಬಿಡುತ್ತಿದ್ದಳು. "ಅಮ್ಮಣ್ಣಿ, ಆ ಲೈಟೊಂದ್ ಹಾಕ್ಬಾರಮ್ಮ," ಎಂದು ನನ್ನ ಹೆಂಡತಿಯನ್ನು ಕರೆಯತೊಡಗಿದಳು. ಹೆಂಡತಿ ಒಂದು ದಿನ, "ಅತ್ತಿಗೆ ಗೋಡೆ ಸವರ್ಕೊಂಡು ಓಡಾಡ್ತಾರೆ ಕಣ್ರೀ," ಎಂದಳು. "ಹೊಸದಲ್ವಾ, ನೋಡ್ತಿರ್ತಾಳೆ," ಎಂದೆ ನಾನು. ಮದುವೆ ಮನೆಗಳಿಗೆ ಹೋದಾಗ ಅಕ್ಕ ಯಾರದಾದರೂ ತೋಳು ಹಿಡಿದೇ ನಡೆಯುತ್ತಾಳೆ, ಎರಡು ವರ್ಷದಿಂದ ಸಂತೆಗೆ ಬಂದಿಲ್ಲ, ಟೀವಿ ನೋಡುವಾಗ ಅವಳ ಮುಖ ಟೀವಿಯ ಕಡೆಗಿರುವುದಿಲ್ಲ, ಇದೆಲ್ಲವೂ ನನಗೆ ಗೊತ್ತಿತ್ತು. ಮಂಡಿನೋವು ಎಂದಿದ್ದಳು, ನಂಬಿದ್ದೆ.

ಅವಳಿಗೆ ಅನುಕೂಲವಾಗಲೆಂದು ನಾನು ಇನ್ನೊಂದು ಕೆಲಸ ಮಾಡಿದೆ. ಫೋನಿನಲ್ಲಿ ಹೊತ್ತು ಗೊತ್ತುಮಾಡಿದರೆ ಲೈಟು ತಾನಾಗಿಯೇ ಹತ್ತುತ್ತದೆ. ಜಗಲಿಯದಕ್ಕೆ ಸಂಜೆ ಆರೂಕಾಲು ಎಂದು ಇಟ್ಟೆ. ಅಕ್ಕ ಏಳುವುದೇ ಬೇಡ ಎಂದು. ಅವಳಿಗೆ ಹೇಳಬೇಕೆಂದು ತೋಚಲಿಲ್ಲ. ಹತ್ತಿದ್ದನ್ನು ಕಂಡು ತಾನೇ ಖುಷಿಪಡುತ್ತಾಳೆ ಎಂದುಕೊಂಡೆ.

ಅಂದು ಭಾನುವಾರ. ನಾನೂ ಹೆಂಡತಿಯೂ ಜಗಲಿಯಲ್ಲಿ ಕೂತಿದ್ದೆವು. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಆರೂಕಾಲಕ್ಕೆ ಸರಿಯಾಗಿ ಲೈಟು ತಾನೇ ಹತ್ತಿತು. ನಾನು ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದೆ. ಅಷ್ಟರಲ್ಲಿ ಒಳಗೆ ದೇವರಿಗೆ ದೀಪ ಹಚ್ಚಿ ಅಕ್ಕ ಬಂದಳು. ಗೋಡೆಯ ಮೇಲೆ ಕೈಯಾಡಿಸಿ ಗಾಜನ್ನು ಹುಡುಕಿದಳು, ಒಂದು ಬೆರಳನ್ನು ಜೋಪಾನವಾಗಿ ಒತ್ತಿದಳು. ಉರಿಯುತ್ತಿದ್ದ ಲೈಟು ಆರಿತು. ಅಕ್ಕ ಆರಿದ ಬಲ್ಬಿನ ಕಡೆಗೆ ಮುಖವೆತ್ತಿ, ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿದಳು.

ನನ್ನ ಬಾಯಿ ತಡೆಯಲಿಲ್ಲ. ಜೋರಾಗಿ ನಕ್ಕೆ.

"ಅಕ್ಕಾ, ಆರಿಸ್ಬಿಟ್ಟು ಕೈಮುಗೀತಿದ್ದೀಯಲ್ಲ!"

ಅಕ್ಕ ಜೋಡಿಸಿದ ಕೈ ಇಳಿಸಲಿಲ್ಲ.

"ಉರೀತಿತ್ತಾ?" ಎಂದು ಕೇಳಿದಳು.

ಹೆಂಡತಿ ನನ್ನ ತೊಡೆ ಚಿವುಟಿದಳು. ನಗು ಅರ್ಧಕ್ಕೆ ನಿಂತಿತು. ಉರಿಯುತ್ತಿತ್ತಾ ಎಂದು ಕೇಳುವವಳಿಗೆ ಈಗ ಆರಿರುವುದೂ ಕಂಡಿಲ್ಲ. ಹೆಂಡತಿ ಎದ್ದು ಹೋಗಿ ಅಕ್ಕನ ಭುಜ ಹಿಡಿದು ಕೂರಿಸಿದಳು. ಎಷ್ಟು ಹೊತ್ತಾದರೂ ಲೈಟು ಹಾಕಲು ಯಾರೂ ಏಳಲಿಲ್ಲ.

"ಎಷ್ಟ್ ದಿನ ಆಯ್ತು ಅಕ್ಕ?" ಎಂದೆ.

"ಎರಡು ವರ್ಷ ಆಗಿರ್ಬೋದು. ಮೊದ್ಲು ಪಕ್ಕದಲ್ಲಿರೋದು ಕಾಣ್ತಿರ್ಲಿಲ್ಲ. ಆಮೇಲೆ ಎಡಗಣ್ಣು ಪೂರ್ತಿ ಹೋಯ್ತು. ಬಲಗಣ್ಣಲ್ಲಿ ಎದುರಿಗಿರೋದು ಚೂರು ಕಾಣತ್ತೆ, ಹಗಲಲ್ಲಿ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲೋ. ಕಣ್ಣು ಮಂಜಾಗ್ತಿದೆ ಅಂತ. ನೀನು ಕನ್ನಡಕ ತಂದ್ಕೊಟ್ಟೆ."

ತಂದುಕೊಟ್ಟಿದ್ದೆ. ಸಂತೆಯಲ್ಲಿ ಟಾರ್ಪಾಲಿನ ಮೇಲೆ ಹರಡಿಕೊಂಡು ಮಾರುತ್ತಾರಲ್ಲ, ಆ ಕನ್ನಡಕ. ಒಂದು ಕೊಂಡು ಇನ್ನೊಂದನ್ನು ಬಿಟ್ಟಿ ಕಿತ್ತುಕೊಂಡಿದ್ದೆ. ಮನೆಗೆ ಬಂದು ಆ ಚೌಕಾಶಿಯ ಕಥೆಯನ್ನೇ ರಸವತ್ತಾಗಿ ಹೇಳಿದ್ದೆ. ಅಕ್ಕ ಎರಡನ್ನೂ ಹಾಕಿ ನೋಡಿ, "ಚೆನ್ನಾಗ್ ಕಾಣತ್ತೆ ಕಣೋ," ಎಂದಿದ್ದಳು.

"ಅದ್ರಲ್ಲಿ ಕಾಣಲ್ಲ ಅಂತ ಆಮೇಲಾದ್ರೂ ಹೇಳ್ಬೋದಿತ್ತಲ್ಲ," ಎಂದೆ. ನನ್ನ ದನಿಯಲ್ಲಿ ತಪ್ಪನ್ನು ಅವಳ ಮೇಲೆ ಹಾಕುವ ಆಸೆಯಿತ್ತು. ಅದೂ ನಾಚಿಕೆಯ ಮಾತೇ.

"ಹೇಳಿದ್ರೆ ಏನಾಗ್ತಿತ್ತು? ಕೂರ್ಸಿ ಅನ್ನ ಹಾಕ್ತಿದ್ರಿ. ಈ ಮನೇಲಿ ನನಗೆ ಯಾವ್ದೂ ಹುಡುಕ್ಬೇಕಾಗಿರ್ಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿ, ಒಲೆ ಎಲ್ಲಿ, ಎಲ್ಲಾ ಕೈಗೆ ಗೊತ್ತಿತ್ತು. ಲೈಟು ನಿಮಗೋಸ್ಕರ ಹಾಕ್ತಿದ್ದೆ, ನನಗೇನಕ್ಕೆ? ಗುಬುಟು ಮುಟ್ಟಿದ್ರೆ ಗೊತ್ತಾಗ್ತಿತ್ತು. ಆ ಪ್ಯಾಸೇಜಿಂದೊಂದೇ ಕೈಕೊಡ್ತಿದ್ದಿದ್ದು."

ಮಾರನೆಯ ದಿನವೇ ಮೈಸೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುವ ಕಾಯಿಲೆ ಅದು. ನೋವಿಲ್ಲ, ಕೆಂಪಾಗುವುದಿಲ್ಲ, ಅಂಚಿನಿಂದ ಒಳಕ್ಕೆ ತಿಂದುಕೊಂಡು ಬರುತ್ತದೆ. ಡಾಕ್ಟರು ಪರೀಕ್ಷೆ ಮುಗಿಸಿ ಕೂತಾಗ ನಾನು, "ಎಷ್ಟಾದ್ರೂ ಆಗ್ಲಿ ಸರ್, ಆಪರೇಷನ್ ಮಾಡಿ," ಎಂದೆ. ಜೀವಮಾನದಲ್ಲಿ ಬೆಲೆ ಕೇಳದೆ ಆಡಿದ ಮಾತು ಅದೊಂದೇ.

"ಹೋಗಿರೋ ನೋಟ ತರೋ ಆಪರೇಷನ್ ಇಲ್ಲ. ಉಳಿದಿರೋದನ್ನ ಕಾಪಾಡ್ಕೋಬೇಕು. ಡ್ರಾಪ್ಸ್ ಕೊಡ್ತೀನಿ. ಎರಡು ವರ್ಷದ ಹಿಂದೆ ಬಂದಿದ್ರೆ ಬಹಳಷ್ಟು ಉಳೀತಿತ್ತು. ಮನೇಲಿ ಯಾರೂ ಗಮನಿಸ್ಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ನಾನೇ ಹೇಳ್ಲಿಲ್ಲ ಡಾಕ್ಟ್ರೇ. ಅವನದೇನೂ ತಪ್ಪಿಲ್ಲ."

ಡಾಕ್ಟರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನೀವು ಕೇಳದಿದ್ದರೂ ಹೇಳುತ್ತೇನೆ. ನಲವತ್ತು ದಾಟಿದವರು ಮನೆಯಲ್ಲಿದ್ದರೆ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ನೋಡಿಸಿ. ಸಂತೆಯ ಕನ್ನಡಕ ಕೊಡಬೇಡಿ. ಮನೆಯವರು ಒಂದು ಸಣ್ಣ ಸಾಮಾನನ್ನು ಇದ್ದ ಹಾಗೆಯೇ ಬಿಡು ಎಂದು ಕೇಳಿದರೆ, ಕಾರಣ ಹೇಳಲಿ ಬಿಡಲಿ, ಬಿಟ್ಟುಬಿಡಿ.

ಆಸ್ಪತ್ರೆಯಿಂದ ಬಂದವನೇ ಹಳೆಯ ಸ್ವಿಚ್ಚು ವಾಪಸು ತರಲು ಗೋಣಿಕೊಪ್ಪಲಿಗೆ ಹೋದೆ. ಮಾರಿ ಆಗಿತ್ತು. ಯಾವುದೋ ರೆಸಾರ್ಟಿನ ಗೋಡೆಗೆ ಅಂದಕ್ಕಾಗಿ ಹೊಡೆದಿದ್ದಾರಂತೆ, ತಂತಿಯೂ ಇಲ್ಲ ಕರೆಂಟೂ ಇಲ್ಲ. ಕೊನೆಗೆ ಅಂಗಡಿಯಲ್ಲಿ ಸಿಗುವ ಸಾದಾ ಬಿಳಿ ಸ್ವಿಚ್ಚುಗಳನ್ನೇ ತಂದೆ. ವೈರಿಂಗಿನವನು ಮೊದಲು ಅಡುಗೆಮನೆಯದನ್ನೇ ಹಾಕಿದ. ಹಾಕಿದ ಮೇಲೆ, "ಅಕ್ಕಾ, ಬಂದ್ ನೋಡಿ, ಸೌಂಡ್ ಬರ್ತದೆ," ಎಂದು ಕರೆದ. ಅಕ್ಕ ಬಂದು ಎರಡು ಸಲ ಒತ್ತಿ ನೋಡಿದಳು.

"ಚೆನ್ನಾಗಿದೆ ಕಣಪ್ಪಾ. ಆದ್ರೆ ಈಗ ಎಲ್ರಿಗೂ ಗೊತ್ತಾಯ್ತಲ್ಲ," ಎಂದಳು.

ಅವಳು ಹೇಳಿದ್ದು ಸರಿ. ಸ್ವಿಚ್ಚು ಬದಲಾಯಿಸಬಹುದು, ಗೊತ್ತಾದದ್ದನ್ನು ಬದಲಾಯಿಸಲಾಗುವುದಿಲ್ಲ. ನನ್ನ ಹೆಂಡತಿ ಈಗ ಅಡುಗೆ ಮಾಡಿಟ್ಟೇ ಬಸ್ಸು ಹತ್ತುತ್ತಾಳೆ. ಈಳಿಗೆಮಣೆ ಅಟ್ಟ ಸೇರಿದೆ. ಅಕ್ಕ ಒಲೆಯ ಹತ್ತಿರ ಹೋದರೆ ನಮ್ಮಿಬ್ಬರಲ್ಲಿ ಒಬ್ಬರು, "ಅಕ್ಕಾ, ಬೇಡ" ಅಥವಾ "ಅತ್ತಿಗೆ, ಬಿಡಿ" ಎನ್ನುತ್ತೇವೆ. ನಾವು ಹೇಳುವುದು ಪ್ರೀತಿಯಿಂದಲೇ. ಎರಡು ವರ್ಷ ಕಣ್ಣಿಲ್ಲದೆ ನಮಗೆಲ್ಲ ಅಡುಗೆ ಮಾಡಿ ಬಡಿಸಿದವಳು, ಒಂದು ಸಲವೂ ಕೈ ಸುಟ್ಟುಕೊಂಡವಳಲ್ಲ. ಆ ಲೆಕ್ಕ ನಮ್ಮ ಭಯದ ಮುಂದೆ ನಿಲ್ಲುವುದಿಲ್ಲ. ಲೈಟು ಹಾಕುವುದೊಂದು ಅವಳಿಗೆ ಉಳಿದಿದೆ. ಮೊದಲು ಹಾಕಿ ಸುಮ್ಮನೆ ಹೋಗುತ್ತಿದ್ದವಳು ಈಗ ಪ್ರತಿ ಸಲ, "ಹತ್ತಿತಾ?" ಎಂದು ಕೇಳುತ್ತಾಳೆ. "ಹತ್ತಿತು ಅಕ್ಕ," ಎನ್ನುತ್ತೇನೆ ನಾನು.

ಮೊನ್ನೆ ಬೆಳಗ್ಗೆ ಬೇಗ ಎಚ್ಚರವಾಗಿ ಅಡುಗೆಮನೆಗೆ ಹೋದೆ. ಹೆಂಡತಿ ಇನ್ನೂ ಎದ್ದಿರಲಿಲ್ಲ. ಹೊರಗೆ ಮಸುಕು ಬೆಳಕು. ಅಕ್ಕ ಆಗಲೇ ಬಂದು ಸ್ವಿಚ್ಚು ಒತ್ತಿದ್ದಳು. ಕರೆಂಟು ಹೋಗಿತ್ತು. ಅಡುಗೆಮನೆಗೆ ಇನ್ವರ್ಟರ್ ಎಳೆಸಿಲ್ಲ. ನನ್ನ ಹೆಜ್ಜೆ ಕೇಳಿ, "ಹತ್ತಿತಾ?" ಎಂದಳು.

ಇಲ್ಲವೆನ್ನಲು ಮನಸ್ಸಾಗಲಿಲ್ಲ. "ಹತ್ತಿತು," ಎಂದೆ.

"ಫ್ರಿಜ್ ಸದ್ದಿಲ್ಲ ಕಣೋ. ಕರೆಂಟೇ ಇಲ್ಲ. ಮೆಣಸಿಗೆ ಪಪ್ಪಾಯಿ ಬೀಜ ಬೆರೆಸೋರನ್ನ ಬೈಯ್ತೀಯ. ನನ್ ಹತ್ರ ನೀನೇ ಬೆರೆಸ್ತೀಯಾ?"

"ತಪ್ಪಾಯ್ತಕ್ಕ. ಹತ್ತಿಲ್ಲ."

"ಹಂಗ್ ಹೇಳು. ಕತ್ಲಾದ್ರೆ ನಿನಗೆ ಕಷ್ಟ, ನನಗೇನು? ಕೂತ್ಕೋ. ಅಮ್ಮಣ್ಣಿ ಏಳೋದ್ರೊಳಗೆ ಒಂದ್ ಲೋಟ ಕಾಫಿ ಕಾಯಿಸ್ಕೊಡ್ತೀನಿ. ಅವಳಿಗೆ ಹೇಳ್ಬೇಡ."

ಕೂರಬೇಕೆಂದೇ ಇದ್ದೆ. ದೇವರಾಣೆಗೂ ಕೂರಬೇಕೆಂದೇ ಇದ್ದೆ. ಅವಳು ಪಾತ್ರೆಗೆ ನೀರು ಬಿಟ್ಟು, ಒಲೆಯ ಮೇಲಿಟ್ಟು, ಗ್ಯಾಸಿನ ಗುಂಡಿ ತಿರುಗಿಸಿದಳು. ಲೈಟರಿನ ಕಡೆಗೆ ಅವಳ ಕೈ ಹೋಗುವಷ್ಟರಲ್ಲಿ ನಾನು ಮುಂದಕ್ಕೆ ಬಂದು, ಅದನ್ನು ಎತ್ತಿಕೊಂಡು, ಒಲೆ ಹಚ್ಚಿಬಿಟ್ಟಿದ್ದೆ.

ಉರಿಯ ಸದ್ದು ಅವಳಿಗೆ ಕೇಳಿಸಿತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಕಾಫಿಪುಡಿಯ ಡಬ್ಬಿ ಎಲ್ಲಿದೆ ಎಂದು ನನಗೆ ಹೇಳಿ, ಹೋಗಿ ನಡುಮನೆಯ ಕುರ್ಚಿಯಲ್ಲಿ ಕೂತಳು.